ಮೊದಲ ಮಾತು ಯಾವ ನುಡಿಯಲ್ಲಿ?

ರೂಢಿಗಳು ಹುಟ್ಟುವ ಮತ್ತು ಬದಲಾಗುವ ಬಗೆಯನ್ನು ಕುರಿತು

ಕನ್ನಡಿಗರು ನಿರಭಿಮಾನಿಗಳು ಎಂಬ ದೂರು ಬಹಳ ಹಳೆಯದು. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮೇಲಂತೂ ಇದು ಮತ್ತೆ ಮತ್ತೆ ಕೇಳಿಬರುತ್ತದೆ. ಬೇರೆ ಭಾಷೆಯವರು ಇಬ್ಬರು ಎದುರಾದರೆ ತಮ್ಮ ನುಡಿಯಲ್ಲೇ ಮಾತನಾಡುತ್ತಾರೆ, ಇಬ್ಬರು ಕನ್ನಡಿಗರು ಎದುರಾದರೆ ಮೂರನೆಯವರ ನುಡಿಯಲ್ಲಿ ಮಾತನಾಡುತ್ತಾರೆ ಎಂದು ಸಭೆಗಳಲ್ಲಿ ಭಾಷಣಕಾರರು ಹೇಳುವುದುಂಟು. ಸಭಿಕರು ನಕ್ಕು ಚಪ್ಪಾಳೆ ತಟ್ಟುವುದೂ ಉಂಟು. ಚಪ್ಪಾಳೆ ತಟ್ಟಿದವರೇ ಅಂದು ರಾತ್ರಿ ಮನೆಗೆ ಮರಳುವಾಗ ನೆರೆಯವರೊಡನೆ ಹಿಂದಿಯಲ್ಲಿ ಮಾತು ತೆಗೆಯುತ್ತಾರೆ. ಅಭಿಮಾನವಿದ್ದೂ ನಡವಳಿಕೆ ಬದಲಾಗದಿರುವುದಕ್ಕೆ ಕಾರಣವೇನು? ಈ ಪ್ರಶ್ನೆಗೆ ಉತ್ತರವನ್ನು ನೀತಿಬೋಧೆಯಲ್ಲಿ ಹುಡುಕುವುದಕ್ಕಿಂತ, ಕಳೆದ ಐವತ್ತು ವರ್ಷಗಳಲ್ಲಿ ಬೆಳೆದುಬಂದಿರುವ ವಿಕಾಸವಾದಿ ಕ್ರೀಡಾಸಿದ್ಧಾಂತವೆಂಬ ಶಾಸ್ತ್ರದಲ್ಲಿ ಹುಡುಕುವುದು ಹೆಚ್ಚು ಫಲಕಾರಿ.

ಇಂದಿರಾಪುರಂನ ಸ್ಥಿತಿ

ಉತ್ತರ ಪ್ರದೇಶದ ಗಾಜಿಯಾಬಾದ್ ಜಿಲ್ಲೆಯಲ್ಲಿ, ದೆಹಲಿಯ ಪೂರ್ವದ ಎಲ್ಲೆಯ ಸಮೀಪದಲ್ಲಿ ಬೆಳೆದು ನಿಂತಿರುವ ಉಪನಗರ ಇಂದಿರಾಪುರಂ. ಇದರ ಭಾಗಗಳಿಗೆ ಅಹಿಂಸಾ ಖಂಡ, ನ್ಯಾಯ ಖಂಡ, ನೀತಿ ಖಂಡ, ಜ್ಞಾನ ಖಂಡ, ಶಕ್ತಿ ಖಂಡ ಎಂಬ ಗಂಭೀರವಾದ ಹೆಸರುಗಳಿವೆ. ದೆಹಲಿ, ನೋಯಿಡಾಗಳಲ್ಲಿ ದುಡಿಯುವ, ದೇಶದ ನಾನಾ ಪ್ರಾಂತಗಳಿಂದ ಬಂದ ಕುಟುಂಬಗಳು ಇಲ್ಲಿನ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುತ್ತವೆ. ಅಕ್ಕಪಕ್ಕದ ಮನೆಯವರು ಯಾವ ನಾಡಿನವರೆಂಬುದು ಮುಖ ನೋಡಿ ತಿಳಿಯುವಂತಿಲ್ಲ. ಒಂದೇ ಕಟ್ಟಡದ ಏಳನೆಯ ಮಹಡಿಯಲ್ಲಿ ಧಾರವಾಡದ ಕಡೆಯವರೂ ಹತ್ತನೆಯ ಮಹಡಿಯಲ್ಲಿ ಹಾಸನದ ಕಡೆಯವರೂ ಇದ್ದು, ಲಿಫ್ಟಿನಲ್ಲಿ ದಿನವೂ ಹಿಂದಿಯಲ್ಲೇ ಕುಶಲ ಕೇಳಿಕೊಳ್ಳುತ್ತ ವರ್ಷಗಳನ್ನು ಕಳೆಯುವುದು ಇಂಥಲ್ಲಿ ಅಸಹಜವೇನಲ್ಲ.

ಯಮುನೆಯ ಆಚೆ, ರಾಮಕೃಷ್ಣಪುರದಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯಿದೆ. ಅಲ್ಲಿಗೆ ಹೋದವರು ಯಾವ ಸಂಕೋಚವೂ ಇಲ್ಲದೆ ಕನ್ನಡದಲ್ಲೇ ಮಾತು ಆರಂಭಿಸುತ್ತಾರೆ. ಅದೇ ವ್ಯಕ್ತಿ ಇಂದಿರಾಪುರಂಗೆ ಮರಳಿದೊಡನೆ ಹಿಂದಿಗೆ ಹೊರಳುತ್ತಾನೆ. ಒಂದೇ ಸಂಜೆಯಲ್ಲಿ ಮನುಷ್ಯನ ಅಭಿಮಾನ ಏರಿ ಇಳಿಯಲಿಲ್ಲ. ಬದಲಾದುದು ಒಂದೇ: ಎದುರಿನವರು ಯಾವ ನುಡಿಯಲ್ಲಿ ಉತ್ತರಿಸುವರೆಂಬ ನಿರೀಕ್ಷೆ.

ರೂಢಿಯೆಂದರೇನು?

ಭಾರತದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ, ಅಮೆರಿಕದಲ್ಲಿ ಬಲಬದಿಯಲ್ಲಿ. ಎಡವು ಬಲಕ್ಕಿಂತ ಶ್ರೇಷ್ಠವೆಂದು ಯಾರೂ ವಾದಿಸುವುದಿಲ್ಲ. ಉಳಿದವರೆಲ್ಲರೂ ಎಡಕ್ಕೆ ಹೋಗುವಾಗ ತಾನೂ ಎಡಕ್ಕೆ ಹೋಗುವುದೇ ಕ್ಷೇಮ. ಹೀಗೆ, ಇತರರು ಪಾಲಿಸುವರೆಂಬ ನಿರೀಕ್ಷೆಯಿಂದಲೇ ಪ್ರತಿಯೊಬ್ಬರೂ ಪಾಲಿಸುವ ನಡವಳಿಕೆಯನ್ನು ರೂಢಿಯೆನ್ನಬಹುದು. ಅಮೆರಿಕದ ತತ್ತ್ವಜ್ಞ ಡೇವಿಡ್ ಲೂಯಿಸ್ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ವಿಶದವಾಗಿ ವಿವೇಚಿಸಿದ್ದಾನೆ.

ರೂಢಿಯನ್ನು ಒಬ್ಬಂಟಿಯಾಗಿ ಮುರಿಯುವುದು ಅಪಾಯ. ಎಲ್ಲರೂ ಕೂಡಿ ಬದಲಾಯಿಸುವುದು ಸಾಧ್ಯ. ಸ್ವೀಡನ್ ದೇಶದಲ್ಲಿ ಹಿಂದೆ ವಾಹನಗಳು ಎಡಬದಿಯಲ್ಲಿ ಓಡುತ್ತಿದ್ದವು. 1955ರಲ್ಲಿ ನಡೆದ ಜನಮತಸಂಗ್ರಹದಲ್ಲಿ ಬಹುಪಾಲು ಜನರು ಬದಲಾವಣೆಯನ್ನು ವಿರೋಧಿಸಿದ್ದರು. ಆದರೂ 1967ರ ಸೆಪ್ಟೆಂಬರ್ 3ರ ಮುಂಜಾನೆ 5 ಗಂಟೆಗೆ ಇಡೀ ದೇಶ ಬಲಬದಿಗೆ ಹೊರಳಿತು. ದಿನಾಂಕ ಎಲ್ಲರಿಗೂ ತಿಳಿದಿತ್ತು. ಎಲ್ಲರಿಗೂ ತಿಳಿದಿದೆಯೆಂಬುದೂ ಎಲ್ಲರಿಗೂ ತಿಳಿದಿತ್ತು. ಆ ಬೆಳಗಿನಿಂದ ಹಳೆಯ ರೂಢಿಯನ್ನು ಹಿಡಿದು ನಡೆಯುವುದೇ ಅಪಾಯವಾಯಿತು.

ವಿಕಾಸದ ದೃಷ್ಟಿ

ಹಾಗಾದರೆ ಸರಕಾರದ ಆಜ್ಞೆಯಿಲ್ಲದೆ, ಯಾರೂ ಯೋಜಿಸದೆ ರೂಢಿಗಳು ಹೇಗೆ ಹುಟ್ಟುತ್ತವೆ? ಇದಕ್ಕೆ ಉತ್ತರ ಬಂದದ್ದು ಜೀವಶಾಸ್ತ್ರದ ಕಡೆಯಿಂದ. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಎಂಬ ವಿಜ್ಞಾನಿಗಳು, ಪ್ರಾಣಿಗಳು ಪರಸ್ಪರ ಕಾದಾಡುವಾಗ ಕೊನೆಯವರೆಗೂ ಹೋರಾಡದೆ ಹಿಂದೆ ಸರಿಯುವುದೇಕೆ ಎಂಬುದನ್ನು ಕ್ರೀಡಾಸಿದ್ಧಾಂತದಿಂದ ವಿವರಿಸಿದರು. ಮೇನಾರ್ಡ್ ಸ್ಮಿತ್ ಅವರ ಗುರು ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭಾರತದ ಪೌರತ್ವವನ್ನು ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರೆಂಬುದನ್ನು ಇಲ್ಲಿ ನೆನೆಯಬಹುದು.

ಇಲ್ಲಿ ಕ್ರೀಡೆಯೆಂದರೆ ಚೌಕಾಬಾರ, ಕಬಡ್ಡಿಗಳಲ್ಲ. ಒಬ್ಬನಿಗೆ ದೊರೆಯುವ ಫಲವು ಅವನ ನಡೆಯೊಂದರಿಂದಲೇ ಅಲ್ಲದೆ ಎದುರಿನವನ ನಡೆಯಿಂದಲೂ ನಿರ್ಧಾರವಾಗುವ ಯಾವ ಸನ್ನಿವೇಶವೂ ಈ ಶಾಸ್ತ್ರದಲ್ಲಿ ಕ್ರೀಡೆಯೇ. ಹೆಚ್ಚು ಫಲ ಕೊಡುವ ನಡೆ ಹರಡುತ್ತದೆ, ಕಡಿಮೆ ಫಲ ಕೊಡುವ ನಡೆ ಅಳಿಯುತ್ತದೆ. ಪ್ರಾಣಿಗಳಲ್ಲಿ ಅದು ಸಂತಾನದ ಮೂಲಕ ಹರಡಿದರೆ ಮನುಷ್ಯರಲ್ಲಿ ಅನುಕರಣೆಯ ಮೂಲಕ, ಅನುಭವದ ಮೂಲಕ ಹರಡುತ್ತದೆ. ಒಂದು ನಡೆ ಸಮುದಾಯದಲ್ಲಿ ಪೂರ್ತಿಯಾಗಿ ನೆಲೆನಿಂತ ಮೇಲೆ, ಬೇರೆ ನಡೆಯನ್ನು ಹಿಡಿದ ಕೆಲವರು ಅದನ್ನು ಅಲುಗಾಡಿಸಲಾರದಂತಿದ್ದರೆ ಅದು ಸ್ಥಿರವಾದ ನಡೆ.

ಕರ್ನಾಟಕದ ಬಸ್ ನಿಲ್ದಾಣಗಳಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲನ್ನು ಸೀಟಿನ ಮೇಲೆ ಎಸೆದವನಿಗೆ ಆ ಸೀಟು. ಟವೆಲಿಗೆ ಕಾನೂನಿನ ಬಲವಿಲ್ಲ. ಆದರೂ ಒಳಗೆ ಹತ್ತಿದವರು ಸಾಮಾನ್ಯವಾಗಿ ಆ ಸೀಟನ್ನು ಬಿಟ್ಟು ಬೇರೆಯದನ್ನು ನೋಡಿಕೊಳ್ಳುತ್ತಾರೆ. ‘ಮೊದಲು ಗುರುತು ಇಟ್ಟವನು ಪಟ್ಟು ಹಿಡಿಯಲಿ, ಅನಂತರ ಬಂದವನು ಹಿಂದೆ ಸರಿಯಲಿ’ ಎಂಬ ನಿಯಮವನ್ನು ಇಬ್ಬರೂ ಪಾಲಿಸಿದರೆ ಜಗಳ ತಪ್ಪುತ್ತದೆ. ಮೇನಾರ್ಡ್ ಸ್ಮಿತ್ ಅವರು ಪ್ರಾಣಿಲೋಕದಲ್ಲಿ ಲೆಕ್ಕಹಾಕಿ ತೋರಿಸಿದ ಸ್ಥಿರವಾದ ನಡೆಗಳಲ್ಲಿ ಇದೂ ಒಂದು. ಒಂದು ಚಿಕ್ಕ ಗುರುತು ಎಷ್ಟು ದೊಡ್ಡ ಕೆಲಸ ಮಾಡಬಲ್ಲದೆಂಬುದನ್ನು ಓದುಗರು ಇಲ್ಲಿ ಗಮನಿಸಬೇಕು.

ಎರಡು ಬಗೆಯ ಆಟಗಳು

ಎಲ್ಲ ಸಾಮಾಜಿಕ ಸಮಸ್ಯೆಗಳೂ ಒಂದೇ ಬಗೆಯವಲ್ಲ. ಪ್ರತಿಯೊಬ್ಬರೂ ರಾತ್ರಿ ಒಂದೊಂದು ಕೊಡ ಹಾಲನ್ನು ಕೊಳಕ್ಕೆ ಸುರಿಯಬೇಕೆಂದು ಆಜ್ಞೆಯಾದಾಗ, ಎಲ್ಲರ ಹಾಲಿನಲ್ಲಿ ತನ್ನೊಂದು ಕೊಡ ನೀರು ತಿಳಿಯದೆಂದು ಎಲ್ಲರೂ ನೀರನ್ನೇ ಸುರಿದ ಅಕ್ಬರ್–ಬೀರಬಲ್ಲರ ಕಥೆ ಪ್ರಸಿದ್ಧವಾದುದು. ದೀಪಾವಳಿಯ ಪಟಾಕಿ ಈ ಬಗೆಯದು. ನೆರೆಹೊರೆಯವರೆಲ್ಲರೂ ಬಿಟ್ಟರೂ ತಾನೊಬ್ಬನು ಹಚ್ಚುವುದರಲ್ಲಿ ಹಚ್ಚಿದವನಿಗೆ ಸಂತೋಷವೇ. ಹೊಗೆ ಮಾತ್ರ ಎಲ್ಲರ ಶ್ವಾಸಕೋಶಕ್ಕೆ. ಇಂಥಲ್ಲಿ ಹೊರಗಿನ ಕಟ್ಟುಪಾಡು ಬೇಕಾಗುತ್ತದೆ. ಅದಕ್ಕಾಗಿಯೇ 2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೀಪಾವಳಿಯಂದು ಪಟಾಕಿ ಹಚ್ಚಲು ರಾತ್ರಿ 8ರಿಂದ 10 ಗಂಟೆಯ ಅವಧಿಯನ್ನು ನಿಗದಿಮಾಡಬೇಕಾಯಿತು.

ನುಡಿಯ ಆಟ ಹಾಗಲ್ಲ. ಎದುರಿನವನು ಕನ್ನಡದಲ್ಲಿ ಮಾತನಾಡಲು ಸಿದ್ಧನಿರುವಾಗ ತಾನು ಹಿಂದಿಯನ್ನು ಹಿಡಿದು ಗಳಿಸುವುದೇನೂ ಇಲ್ಲ. ಇಬ್ಬರ ಹಿತವೂ ಒಂದೇ. ಪರಸ್ಪರರ ಮನಸ್ಸು ತಿಳಿಯದಿರುವುದೊಂದೇ ತೊಡಕು. ಆದ್ದರಿಂದ ಇಲ್ಲಿ ದಂಡ, ಆಜ್ಞೆಗಳ ಅಗತ್ಯವಿಲ್ಲ.

ಒಂದು ಚಿಕ್ಕ ಲೆಕ್ಕ

ಚಿಂತಕ ರೂಸೋ 1755ರ ತನ್ನ ಪ್ರಬಂಧದಲ್ಲಿ ಬೇಟೆಗಾರರ ಉದಾಹರಣೆಯೊಂದನ್ನು ಕೊಟ್ಟಿದ್ದಾನೆ. ಎಲ್ಲರೂ ಕೂಡಿ ಕಾದರೆ ಜಿಂಕೆ ಸಿಗುತ್ತದೆ. ಆದರೆ ಪಕ್ಕದಲ್ಲಿ ಹಾದುಹೋದ ಮೊಲವನ್ನು ಒಬ್ಬನೇ ಹಿಡಿಯಬಹುದು. ಜೊತೆಗಾರನ ಮೇಲೆ ನಂಬಿಕೆಯಿಲ್ಲದವನು ಮೊಲದ ಹಿಂದೆ ಓಡುತ್ತಾನೆ. ಇಂದಿರಾಪುರಂನ ಕನ್ನಡಿಗನಿಗೆ ಹಿಂದಿಯೇ ಮೊಲ, ಯಾರೊಡನೆಯೂ ನಡೆಯುತ್ತದೆ. ಕನ್ನಡ ಜಿಂಕೆ, ಎದುರಿನವನೂ ಕೂಡಿದರೆ ಮಾತ್ರ ದೊರೆಯುತ್ತದೆ.

ಹಿಂದಿಯಲ್ಲಿ ಮಾತು ಆರಂಭಿಸಿದರೆ ಖಚಿತವಾಗಿ 2 ಅಂಕಗಳ ಫಲವೆಂದಿಟ್ಟುಕೊಳ್ಳೋಣ. ಕನ್ನಡದಲ್ಲಿ ಆರಂಭಿಸಿ ಕನ್ನಡದಲ್ಲೇ ಉತ್ತರ ಬಂದರೆ 3 ಅಂಕ. ಉತ್ತರ ಬಾರದೆ ಮುಜುಗರವಾದರೆ ಸೊನ್ನೆ. ಎದುರಿನವರು ಕನ್ನಡದಲ್ಲಿ ಉತ್ತರಿಸುವ ಸಂಭವ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿದ್ದರೆ ಮಾತ್ರ ಕನ್ನಡದಲ್ಲಿ ಆರಂಭಿಸುವುದು ಲಾಭ. ನೂರಾರು ಮನೆಗಳ ಕಟ್ಟಡದಲ್ಲಿ ಬೆರಳೆಣಿಕೆಯಷ್ಟು ಕನ್ನಡ ಕುಟುಂಬಗಳಿರುವಾಗ ಈ ಸಂಭವ ಅತ್ಯಲ್ಪ. ಆದ್ದರಿಂದ ಅಭಿಮಾನಿಯೂ ಹಿಂದಿಯಲ್ಲೇ ಆರಂಭಿಸುತ್ತಾನೆ. ಅವನ ಹಿಂದಿಯನ್ನು ಕೇಳಿದ ಎದುರಿನ ಕನ್ನಡಿಗನು ಅವನನ್ನು ಉತ್ತರದವನೆಂದೇ ತಿಳಿಯುತ್ತಾನೆ. ಹೀಗೆ ರೂಢಿಯು ತನ್ನನ್ನು ತಾನೇ ಪೋಷಿಸಿಕೊಳ್ಳುತ್ತದೆ.

ಈಗ ಸೋಲಿನ ಮುಜುಗರವನ್ನು ತಗ್ಗಿಸಿ, ಸೊನ್ನೆಯ ಬದಲು 1 ಅಂಕವೆಂದು ಮಾಡಿದರೆ, ಗಡಿಯು ಮೂರರಲ್ಲಿ ಎರಡು ಪಾಲಿನಿಂದ ಅರ್ಧಕ್ಕೆ ಇಳಿಯುತ್ತದೆ. ಅದರೊಡನೆ ಕನ್ನಡದ ಮಾತುಕತೆಯ ಸವಿಯನ್ನು 3ರಿಂದ 5ಕ್ಕೆ ಏರಿಸಿದರೆ ಗಡಿ ಕಾಲುಭಾಗಕ್ಕೆ ಇಳಿಯುತ್ತದೆ. ಅಂಕಗಳು ಉದಾಹರಣೆಗಾಗಿ ಕಲ್ಪಿಸಿದವು. ತತ್ತ್ವ ಮಾತ್ರ ಸ್ಪಷ್ಟ. ರೂಢಿಯನ್ನು ಬದಲಾಯಿಸಲು ಮೂರು ಹಾದಿಗಳಿವೆ: ಮುಜುಗರವನ್ನು ತಗ್ಗಿಸುವುದು, ಸವಿಯನ್ನು ಹೆಚ್ಚಿಸುವುದು, ಎದುರಿನವರನ್ನು ಗುರುತಿಸುವುದನ್ನು ಸುಲಭಗೊಳಿಸುವುದು.

ಕುಪ್ವಾರ್ ಗ್ರಾಮದ ಪಾಠ

ದೊಡ್ಡ ಭಾಷೆಯೊಂದರ ನೆರಳಿನಲ್ಲಿ ಮನೆಮಾತು ಅಳಿಯಲೇಬೇಕೆಂಬ ನಿಯಮವೇನೂ ಇಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಗ್ರಾಮವನ್ನು ಅಧ್ಯಯನ ಮಾಡಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಸುಮಾರು ಮೂರು ಸಾವಿರ ಜನರಿದ್ದ ಆ ಊರಿನಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸ್ಲಿಮರು ಉರ್ದುವನ್ನು, ಮತ್ತೆ ಹಲವರು ಮರಾಠಿಯನ್ನು, ಹಗ್ಗ ಹೊಸೆಯುವ ಕೆಲವು ಕುಟುಂಬಗಳು ತೆಲುಗನ್ನು ಆಡುತ್ತಿದ್ದವು. ನಾನಾ ಗುಂಪುಗಳು ಕೂಡುವಲ್ಲಿ ಮರಾಠಿ. ಹೊಸ್ತಿಲೊಳಗೆ ಅವರವರ ಮನೆಮಾತು. ಈ ಏರ್ಪಾಡು ಅಲ್ಲಿ ಶತಮಾನಗಳಿಂದ ಉಳಿದುಬಂದಿತ್ತು.

ಹೀಗೆ ಬಹುಕಾಲ ಬೆರೆತು ಬಾಳಿದ್ದರಿಂದ ಆ ಭಾಷೆಗಳ ವಾಕ್ಯರಚನೆ ಒಂದನ್ನೊಂದು ಹೋಲತೊಡಗಿತು. ‘ಇದು ನಿಮ್ಮ ಮನೆ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಕಿಲ್ಲ. ಕುಪ್ವಾರಿನ ಕನ್ನಡದಲ್ಲಿ ಮರಾಠಿಯಂತೆ ಕೊನೆಗೊಂದು ಕ್ರಿಯಾಪದ ಬಂದು ಸೇರಿತು. ಆದರೂ ಅದು ಕನ್ನಡವಾಗಿಯೇ ಉಳಿಯಿತು. ಯಾವ ಜಾಗದಲ್ಲಿ ಯಾವ ನುಡಿಯೆಂಬ ರೂಢಿ ಖಚಿತವಾಗಿದ್ದುದರಿಂದ ಮರಾಠಿ ಹೊಸ್ತಿಲು ದಾಟಿ ಮನೆಮಾತನ್ನು ನುಂಗಲಿಲ್ಲ. ಮಕ್ಕಳ ಕನ್ನಡದಲ್ಲಿ ಹಿಂದಿಯ ಧಾಟಿ ನುಸುಳಿತೆಂದು ಗದರಿಸುವ ತಂದೆತಾಯಿಗಳು ಇದನ್ನು ಮನನ ಮಾಡಬೇಕು. ಧಾಟಿ ಬೆರೆತರೆ ನುಡಿ ಸಾಯುವುದಿಲ್ಲ. ಗದರಿಕೆಗೆ ಅಂಜಿದ ಮಗು ಮಾತನ್ನೇ ಬಿಟ್ಟರೆ ಸಾಯುತ್ತದೆ.

ಬಾಸ್ಕ್ ನಾಡಿನ ಬಿಲ್ಲೆ

ಸ್ಪೇನಿನ ಉತ್ತರ ಭಾಗದ ಬಾಸ್ಕ್ ಜನರ ಸಮಸ್ಯೆ ಇಂದಿರಾಪುರಂನ ಕನ್ನಡಿಗರ ಸಮಸ್ಯೆಯನ್ನೇ ಹೋಲುತ್ತದೆ. ಬಾಸ್ಕ್ ಬಲ್ಲವರೆಲ್ಲರಿಗೂ ಬಹುಮಟ್ಟಿಗೆ ಸ್ಪ್ಯಾನಿಷ್ ಇಲ್ಲವೇ ಫ್ರೆಂಚ್ ಬರುತ್ತದೆ. ಎದುರಿನವರಿಗೆ ಬಾಸ್ಕ್ ಬರುತ್ತದೆಯೋ ಇಲ್ಲವೋ ತಿಳಿಯದೆ, ಸೌಜನ್ಯಕ್ಕಾಗಿ ಬಹುಸಂಖ್ಯಾತರ ನುಡಿಯಲ್ಲಿ ಆರಂಭಿಸುತ್ತಾರೆ. ಇದನ್ನು ಕ್ರೀಡಾಸಿದ್ಧಾಂತದ ಮೂಲಕ ವಿಶ್ಲೇಷಿಸಿ ಇರಿಬೆರಿ ಮತ್ತು ಉರಿಯಾರ್ತೆ ಎಂಬ ವಿದ್ವಾಂಸರು 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಇಬ್ಬರು ಬಾಸ್ಕ್ ಬಲ್ಲವರೂ ಸ್ಪ್ಯಾನಿಷಿನಲ್ಲಿ ಮಾತನಾಡಿ ಬೀಳ್ಕೊಳ್ಳುವುದಕ್ಕೆ ತಿರಸ್ಕಾರವು ಕಾರಣವಾಗಿರಬೇಕಿಲ್ಲ, ಅಜ್ಞಾತತೆ ಮತ್ತು ಸೌಜನ್ಯಗಳೇ ಸಾಕು ಎಂಬುದು ಅದರಿಂದ ಹೊರಡುವ ತಾತ್ಪರ್ಯ.

2018ರಲ್ಲಿ ಅಲ್ಲಿ ಎವುಸ್ಕರಾಲ್ದಿಯಾ ಎಂಬ ಕಾರ್ಯಕ್ರಮ ನಡೆಯಿತು. ನವೆಂಬರ್ 23ರಿಂದ ಡಿಸೆಂಬರ್ 3ರವರೆಗೆ, ಹನ್ನೊಂದು ದಿನ, ಭಾಗವಹಿಸಿದವರು ಎದೆಯ ಮೇಲೆ ಬಿಲ್ಲೆ ಧರಿಸಿದರು. ಒಂದು ಬಗೆಯ ಬಿಲ್ಲೆಯವರು ತಿಳಿದವರೆಲ್ಲರೊಡನೆ ಬಾಸ್ಕಿನಲ್ಲೇ ಮಾತನಾಡುವವರು. ಮತ್ತೊಂದು ಬಗೆಯವರು ‘ಬಾಸ್ಕಿನಲ್ಲಿ ಮಾತನಾಡಿ, ನನಗೆ ತಿಳಿಯುತ್ತದೆ’ ಎನ್ನುವವರು. ಎರಡು ಲಕ್ಷಕ್ಕೂ ಹೆಚ್ಚು ಜನರು ಭಾಗವಹಿಸಿದರು. ಬಿಲ್ಲೆಯನ್ನು ಕಂಡೊಡನೆ ಅಜ್ಞಾತತೆ ಮಾಯವಾಗುತ್ತದೆ. ಜಿಂಕೆಯ ಬೇಟೆಗೆ ಜೊತೆಗಾರನಿದ್ದಾನೆಂಬುದು ಖಚಿತವಾಗುತ್ತದೆ. ಬಸ್ಸಿನ ಸೀಟಿನ ಮೇಲಿನ ಟವೆಲು ಮಾಡುವ ಕೆಲಸವನ್ನೇ ಇಲ್ಲಿ ಬಿಲ್ಲೆ ಮಾಡಿತು.

ಎಷ್ಟು ಜನರು ಮೊದಲು ಹೆಜ್ಜೆಯಿಡಬೇಕು? ಡೇಮನ್ ಸೆಂಟೋಲಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಸ್ಪರ ಅಪರಿಚಿತರಾದ ಇಪ್ಪತ್ತು ಮೂವತ್ತು ಜನರ ಗುಂಪುಗಳು ಚಿತ್ರವೊಂದಕ್ಕೆ ಹೆಸರಿಡುವ ಆಟವಾಡಿದವು. ಒಂದು ಹೆಸರು ರೂಢಿಯಾದ ಮೇಲೆ, ಬೇರೆ ಹೆಸರನ್ನೇ ಬಿಡದೆ ಬಳಸುವ ಕೆಲವರನ್ನು ಗುಂಪಿಗೆ ಸೇರಿಸಲಾಯಿತು. ಅವರ ಪ್ರಮಾಣ ನೂರಕ್ಕೆ ಇಪ್ಪತ್ತೈದರ ಸುಮಾರಿಗೆ ತಲುಪಿದಾಗ ಇಡೀ ಗುಂಪು ಹೊಸ ಹೆಸರಿಗೆ ಹೊರಳಿತು. ಅದಕ್ಕಿಂತ ಕಡಿಮೆಯಿದ್ದಾಗ ಹಳೆಯದೇ ಉಳಿಯಿತು. ಪ್ರಯೋಗಶಾಲೆಯ ಈ ಅಂಕೆ ಎಲ್ಲೆಡೆಗೂ ಹಾಗೆಯೇ ಅನ್ವಯಿಸಲಾರದು. ಆದರೂ ರೂಢಿಯ ಬದಲಾವಣೆಗೆ ಬಹುಮತ ಬೇಕಿಲ್ಲ, ಪಟ್ಟು ಬಿಡದ ಒಂದು ಸಣ್ಣ ಗುಂಪು ಸಾಕೆಂಬುದು ಇದರಿಂದ ತಿಳಿಯುತ್ತದೆ.

ಅಜ್ಜಿಯ ನೋವು, ಮೊಮ್ಮಗುವಿನ ಕಿವಿ

ಇಷ್ಟೆಲ್ಲ ಪ್ರಯಾಸವೇಕೆ, ಹಿಂದಿಯಲ್ಲಿ ಬದುಕು ನಡೆಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ದುಡಿಯುವವರ ಬದುಕು ನಡೆಯುತ್ತದೆ. ಊರಿನ ಮನೆಗೆ ಬೀಗ ಹಾಕಿ ಮಕ್ಕಳ ಬಳಿಗೆ ಬಂದಿರುವ ವೃದ್ಧ ತಂದೆತಾಯಿಗಳ ಸ್ಥಿತಿ ಬೇರೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಅಜ್ಜಿ ಮತ್ತು ಶಾಲೆಯಿಂದ ಮರಳಿದ ಮೊಮ್ಮಗು. ಲಿಫ್ಟಿನಲ್ಲಿ, ಆಟದ ಅಂಗಳದಲ್ಲಿ ದೊಡ್ಡವರ ಬಾಯಿಂದ ಕನ್ನಡವನ್ನು ಕೇಳದ ಮಗು, ಹೆಚ್ಚು ಕಡೆ ನಡೆಯುವ ನುಡಿಯನ್ನೇ ಮನೆಗೂ ತರುತ್ತದೆ.

ಅಜ್ಜಿ ‘ಸಂಕಟವಾಗುತ್ತಿದೆ’ ಎನ್ನುತ್ತಾಳೆ. ಹಿಂದಿಯ ಕಿವಿಗೆ ಸಂಕಟವೆಂದರೆ ವಿಪತ್ತು. ಅಜ್ಜಿ ಹೇಳುತ್ತಿರುವುದು ಒಡಲಿನ ತಳಮಳವನ್ನು. ‘ಹೊಟ್ಟೆ ತೊಳಸುತ್ತಿದೆ’, ‘ಕಣ್ಣು ಕತ್ತಲಿಡುತ್ತಿದೆ’, ‘ಎದೆ ಹಿಂಡಿದಂತಾಗುತ್ತಿದೆ’ ಎಂಬ ಮಾತುಗಳಿಗೆ ಬದಲಿ ಪದಗಳನ್ನು ಎಪ್ಪತ್ತರ ವಯಸ್ಸಿನಲ್ಲಿ ಕಲಿಯುವುದು ಕಷ್ಟ. ‘ಎಡಗೈ ಇದ್ದಕ್ಕಿದ್ದಂತೆ ಜೋಮು ಹಿಡಿದಿದೆ’ ಎಂಬ ಮಾತು ಪಾರ್ಶ್ವವಾಯುವಿನ ಮುನ್ಸೂಚನೆಯಾಗಿರಬಹುದು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಆ ಮಾತನ್ನು ಕೇಳಿದ ಮಗು ಕೂಡಲೇ ತಂದೆಗೆ ಫೋನ್ ಮಾಡುವುದಕ್ಕೂ, ಅರ್ಥವಾಗದೆ ಸುಮ್ಮನಿರುವುದಕ್ಕೂ ಇರುವ ಅಂತರ ಒಂದು ಜೀವದಷ್ಟು. ಮರೆವಿನ ಕಾಯಿಲೆಗೆ ತುತ್ತಾದ ಕೆಲವರಲ್ಲಿ, ಅನಂತರ ಕಲಿತ ಭಾಷೆಗಳು ಮೊದಲು ಮಸುಕಾಗಿ ತಾಯ್ನುಡಿಯೊಂದೇ ಉಳಿಯುವುದೂ ಕಂಡುಬಂದಿದೆ. ಇಂಥವರ ಪಾಲಿಗೆ ಕನ್ನಡ ಬಲ್ಲ ನೆರೆಮನೆಯೇ ಮದ್ದಿನ ಒಂದು ಭಾಗ.

ಮಾಡಬಹುದಾದುದು

ಮೊದಲನೆಯದಾಗಿ, ಗುರುತು. ಬಾಗಿಲ ಹೆಸರುಫಲಕದಲ್ಲಿ ಒಂದು ಸಾಲು ಕನ್ನಡದಲ್ಲಿದ್ದರೆ, ಹಾದುಹೋಗುವ ಕನ್ನಡಿಗನಿಗೆ ಯಾವ ಸಂದೇಹವೂ ಉಳಿಯುವುದಿಲ್ಲ.

ಎರಡನೆಯದಾಗಿ, ಮುಜುಗರವಿಲ್ಲದ ಆರಂಭ. ‘ನಮಸ್ಕಾರ’ ಎಂಬ ಮಾತು ಹಿಂದಿಯವರಿಗೂ ತಿಳಿದದ್ದೇ. ಅದರ ಹಿಂದೆಯೇ ‘ಚೆನ್ನಾಗಿದ್ದೀರಾ?’ ಎಂದು ಸೇರಿಸಿದರೆ, ಕನ್ನಡಿಗರಾಗಿದ್ದರೆ ಮುಖ ಅರಳುತ್ತದೆ. ಆಗಿಲ್ಲದಿದ್ದರೆ ನಗುತ್ತ ಹಿಂದಿಗೆ ಹೊರಳಬಹುದು. ಸೋಲಿನ ಬೆಲೆ ಇಲ್ಲಿ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಕನ್ನಡ ತಿಳಿಯದ ನೆರೆಯವರು ಜೊತೆಯಲ್ಲಿರುವಾಗ ಎಲ್ಲರಿಗೂ ತಿಳಿಯುವ ನುಡಿಯಲ್ಲಿ ಮಾತನಾಡುವುದು, ಕುಪ್ವಾರಿನವರಂತೆ, ಸೌಜನ್ಯದ ನಡೆ.

ಮೂರನೆಯದಾಗಿ, ಒಂದೆಡೆ ಸೇರುವುದು. ವರ್ಷಕ್ಕೆರಡು ಬಾರಿ ದೂರದ ಸಭಾಂಗಣದಲ್ಲಿ ಕೂಡುವುದಕ್ಕಿಂತ, ವಾರಕ್ಕೆ ಮೂರು ಸಂಜೆ ಹತ್ತಿರದ ಉದ್ಯಾನದ ಒಂದೇ ಮೂಲೆಯಲ್ಲಿ ಅಜ್ಜ ಅಜ್ಜಿಯರೂ ನಾಲ್ಕಾರು ಮಕ್ಕಳೂ ಕೂಡುವುದು ಹೆಚ್ಚು ಫಲ ಕೊಡುತ್ತದೆ. ಅಲ್ಲಿ ಕನ್ನಡವೇ ಬಹುಮತದ ನುಡಿ. ಹನಿಗೂಡಿದರೆ ಹಳ್ಳವೆಂಬ ಗಾದೆ ನಿಜ. ಆದರೆ ಹನಿಗಳು ಒಂದೇ ಕಡೆ ಬೀಳಬೇಕು.

ನಾಲ್ಕನೆಯದಾಗಿ, ಎಲ್ಲರಿಗೂ ತಿಳಿದ ಒಂದು ದಿನ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಪ್ರತಿಯೊಬ್ಬರೂ ಕಾಯುತ್ತಿರುವವರೆಗೆ ಯಾವ ಕೆಲಸವೂ ಆರಂಭವಾಗದು. ನವೆಂಬರ್ 1ರ ರಾಜ್ಯೋತ್ಸವದಿಂದ ಹನ್ನೊಂದು ದಿನ ಕನ್ನಡದ ಬಿಲ್ಲೆ ಧರಿಸಬೇಕೆಂದು ಸಂಘವು ಮುಂಚಿತವಾಗಿ ಪ್ರಕಟಿಸಿದರೆ, ಧರಿಸುವವನಿಗೆ ತಾನು ಒಬ್ಬಂಟಿಯಲ್ಲವೆಂಬ ಧೈರ್ಯವಿರುತ್ತದೆ.

ಆ ಹನ್ನೊಂದು ದಿನಗಳಲ್ಲಿ ಪ್ರತಿ ಮನೆಯ ಅಜ್ಜಿಯೂ ದಿನಕ್ಕೊಂದರಂತೆ ನೋವು ಬೇನೆಗಳ ಹನ್ನೊಂದು ಮಾತುಗಳನ್ನು ಮೊಮ್ಮಕ್ಕಳಿಗೆ ಕಲಿಸಲಿ. ಮೊದಲ ದಿನ ‘ಜೋಮು’, ಎರಡನೆಯ ದಿನ ‘ಸಂಕಟ’. ಮಕ್ಕಳು ಆ ಮಾತುಗಳನ್ನು ಉದ್ಯಾನದ ಮೂಲೆಯಲ್ಲಿ ಜೊತೆಗಾರರಿಗೆ ಹೇಳಿಕೊಡಲಿ. ಅವುಗಳೊಡನೆ ಕನ್ನಡ ಬಲ್ಲ ಒಂದು ನೆರೆಮನೆಯ ಫೋನ್ ನಂಬರನ್ನೂ ಅಡಿಗೆಮನೆಯ ಬಾಗಿಲ ಹಿಂದೆ ಬರೆದು ಅಂಟಿಸಿಡುವುದು ಒಳ್ಳೆಯದು.